ಕೊನೆಯ ಮನೆಗೆ ಬಂದ ಮದುವೆ

ಕೇಬಲ್‌ನವನ ಮೇಲೆ ಸಿಟ್ಟು ಬಂದಾಗ ಬೀದಿಯಲ್ಲಿ ನಿಂತು ಕೂಗಬಾರದು. ಕೂಗಿದರೆ ಅವನು ಒಂದು ನೆಪ ಹೇಳಿ ಹೋಗುತ್ತಾನೆ, ನಮ್ಮ ಗಂಟಲು ನೋಯುತ್ತದೆ, ಟಿವಿ ಹಾಗೇ ಇರುತ್ತದೆ. ಅವನನ್ನು ಕರೆದು ಕೂಡಿಸಬೇಕು, ಕುಡಿಯಲು ನೀರು ಕೊಡಬೇಕು, "ಯಾವಾಗ ಬರ್ತೀ" ಎಂದು ಕೇಳುವ ಬದಲು "ಬರಾಕ ಯಾಕ ಆಗ್ತಿಲ್ಲ" ಎಂದು ಕೇಳಬೇಕು. ಗೋಣಿಚೀಲದ ವ್ಯಾಪಾರದಲ್ಲಿ ನಾನು ಕಲಿತದ್ದು ಇದೊಂದೇ. ಉಳಿದದ್ದೆಲ್ಲ ಇದರ ಹಿಂದೆ ಬಂತು.

ನಾನು ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಹರಿದ ಚೀಲ ಹೊಲಿಯುತ್ತ ಬೆಳೆದವಳು. ಕಾಲುವೆ ನೀರು ಬಂದ ಮೇಲೆ ನಮ್ಮ ಸುತ್ತಮುತ್ತ ಎಲ್ಲರೂ ಭತ್ತದ ಮಾತೇ ಆಡುತ್ತಿದ್ದರು. ಅಷ್ಟು ಭತ್ತ ತುಂಬುವುದು ಯಾತರಲ್ಲಿ ಎಂದು ಯಾರೂ ಯೋಚಿಸಿದಂತೆ ಕಾಣಲಿಲ್ಲ. ನಾನು ಸುಗ್ಗಿ ಇಲ್ಲದಾಗ ಹಳೆಯ ಚೀಲ ಕೊಂಡು, ತೂತು ಹೊಲಿದು, ಸುಗ್ಗಿಗೆ ಮಾರಿದೆ. ಹೆಂಗಸಿಗೆ ಚೌಕಾಸಿ ಬರುವುದಿಲ್ಲ ಎಂದುಕೊಂಡು ಬಂದವರು ನನ್ನ ಮೊದಲ ಬಂಡವಾಳ. ಹಾಗೇ ಹೊಸಪೇಟೆಯಲ್ಲಿ ಅಂಗಡಿಯಾಯಿತು, ಆಮೇಲೆ ಕಾಲುವೆ ಕಡೆಗೆ ಇಳಿಯುವ ಓಣಿಯ ನಡುವೆ ಸ್ವಂತ ಮನೆಯಾಯಿತು. ಮೇಲೊಂದು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟೆ.

ಆ ಓಣಿಯ ಮನೆಗಳು ಒಂದರ ಗೋಡೆಗೆ ಒಂದು ಅಂಟಿಕೊಂಡಿದ್ದವು. ನಮ್ಮ ಮಾಳಿಗೆ ಹತ್ತಿದರೆ ಕೆಳಗಿಳಿಯದೆ ಓಣಿಯ ಆ ತುದಿಯಿಂದ ಈ ತುದಿಗೆ ನಡೆದು ಹೋಗಬಹುದಿತ್ತು. ಅಲ್ಲಿದ್ದವರು ಬಹುಪಾಲು ಕಾಲುವೆಯ ಜನ. ಬುಕ್ಕಸಾಗರ, ಮೆಟ್ರಿ, ಮಲಪನಗುಡಿಗಳಲ್ಲಿ ಗದ್ದೆ ಇಟ್ಟುಕೊಂಡು ಮಕ್ಕಳ ಸ್ಕೂಲಿಗೆಂದು ಪೇಟೆಯಲ್ಲಿ ಮನೆ ಮಾಡಿದವರು. ಎರಡು ಮನೆಯವರು ಸಂಡೂರಿನ ಗಣಿ ಲಾರಿಗಳ ಮೇಲೆ ಕೆಲಸಕ್ಕಿದ್ದರು.

ತೊಂಬತ್ತರ ದಶಕದ ಶುರುವಿನಲ್ಲಿ ಈ ಓಣಿಗೆ ಕೇಬಲ್ ಬಂತು. ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಪಕ್ಕದ ಓಣಿಯ ಹುಡುಗನೊಬ್ಬ ಮದುವೆಯಾದ ವರ್ಷವೇ ಸಾಲ ಮಾಡಿ, ತನ್ನ ಮಾಳಿಗೆಯ ಮೇಲೆ ದೊಡ್ಡ ಡಿಶ್ ನಿಲ್ಲಿಸಿದ. ಕರಿ ವೈರು ಅವನ ಮನೆಯಿಂದ ಹೊರಟು ಮಾಳಿಗೆಯಿಂದ ಮಾಳಿಗೆಗೆ ಹಾರಿ, ಮೊದಲ ಮನೆಯ ಸಾವುಕಾರರಿಂದ ಹಿಡಿದು ಓಣಿಯ ಕೊನೆಯ ದೊಡ್ಡವ್ವನ ಮನೆಯವರೆಗೆ ಬಂತು. ಮೊದಲ ತಿಂಗಳು ನಾವು ಅವನನ್ನು ಅಳಿಯನಂತೆ ನೋಡಿಕೊಂಡೆವು. ಎರಡನೇ ತಿಂಗಳಿಂದ ಬೈಯಲು ಶುರು ಮಾಡಿದೆವು.

ಬೈಯದೆ ಇರುವುದಾದರೂ ಹೇಗೆ? ಒಳ್ಳೆ ಹೊತ್ತಿನಲ್ಲಿ ಚಿತ್ರ ಹೋಗುತ್ತಿತ್ತು. ಫೋನ್ ಮಾಡಿದರೆ ರಿಸೀವರ್ ಎತ್ತಿಟ್ಟ ಸಪ್ಪಳ. ಮನೆಗೆ ಹೋದರೆ ಹೆಂಡತಿ ಹೊರಗೆ ಬಂದು, "ಅವರು ಲೈನ್ ಮ್ಯಾಲೆ ಹೋಗ್ಯಾರ್ರಿ" ಎನ್ನುತ್ತಿದ್ದಳು. ಯಾವ ಲೈನು ಎಂದರೆ ಆಕೆಗೂ ಗೊತ್ತಿಲ್ಲ. ಸಿಕ್ಕರೆ ನೂರು ನೆಪ ಹೇಳುತ್ತಿದ್ದ. ಹಂಪಿ ಕಡೆಯಿಂದ ಕೋತಿಗಳು ಬಂದು ವೈರಿಗೆ ಜೋತು ಬಿದ್ದವು. ಅದಿರು ಲಾರಿಯ ಕೆಂಪು ದೂಳು ಡಿಶ್‌ನಲ್ಲಿ ಕೂತಿತು. ವೋಲ್ಟೇಜ್ ಇಲ್ಲ. ಗಾಳಿ. "ನಾಳೆ ಪಕ್ಕಾ ಬರ್ತೀನ್ರಿ ಅಕ್ಕಾರ." ಆ ನಾಳೆ ಬರುತ್ತಲೇ ಇರಲಿಲ್ಲ. ತಿಂಗಳ ವಸೂಲಿಯ ದಿನ ಮಾತ್ರ ಕೋತಿ, ದೂಳು, ಗಾಳಿ ಯಾವುದೂ ಅವನನ್ನು ತಡೆಯುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಅನುಭವಿಸಿದ್ದು ಕೊನೆಯ ಮನೆಯ ದೊಡ್ಡವ್ವ. ಆಕೆ ನನಗೆ ಸಂಬಂಧವಲ್ಲ, ಓಣಿಗೆಲ್ಲ ದೊಡ್ಡವ್ವ. ಮಗ ಸಂಡೂರಿನ ಲಾರಿ ಮೇಲೆ ಡ್ರೈವರ್, ಮನೆಯಲ್ಲಿ ಸೊಸೆ. ತೀರಿಕೊಂಡ ಮಗಳ ಮಗಳನ್ನು ತೊಟ್ಟಿಲಿನಿಂದ ದೊಡ್ಡವ್ವನೇ ಸಾಕಿದ್ದಳು. ಆ ಹುಡುಗಿಗೆ ಕಂಪ್ಲಿಯಲ್ಲಿ ಗಂಡು ಗೊತ್ತಾಗಿ, ಮದುವೆಯೂ ಗಂಡಿನ ಮನೆಯಲ್ಲೇ ಎಂದು ನಿಶ್ಚಯವಾಯಿತು. ದೊಡ್ಡವ್ವ ತನ್ನ ಮದುವೆಯ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಮೊಮ್ಮಗಳಿಗೆ ಕೊಟ್ಟು, "ತಾಳಿ ಕಟ್ಟುವಾಗ ಇದನ್ನ ಉಟ್ಕೋ. ನಾ ಕಣ್ಣು ತುಂಬ ನೋಡ್ತೀನಿ" ಎಂದಿದ್ದಳು. ಮದುವೆಗೆ ಸ್ವಲ್ಪ ದಿನ ಇದೆ ಎನ್ನುವಾಗ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಡಾಕ್ಟರು ಮಂಚ ಬಿಟ್ಟು ಏಳಬಾರದು ಎಂದರು. ಮದುವೆ ಆಕೆಯಿಲ್ಲದೆ ಆಯಿತು. ಹೊತ್ತೊಯ್ಯಲು ಕಾರು ತರಿಸುತ್ತೇನೆ ಎಂದು ನಾನೂ ಹೇಳಿ ನೋಡಿದೆ. ಡಾಕ್ಟರು ನನ್ನ ಚೌಕಾಸಿಗೆ ಬಗ್ಗಲಿಲ್ಲ.

ಆ ಕಾಲದಲ್ಲಿ ನಮ್ಮ ಕೇಬಲ್‌ನವನು ಒಂದು ಒಳ್ಳೆ ಪದ್ಧತಿ ಹಾಕಿದ್ದ. ಅವನ ಸ್ವಂತ ಚಾನೆಲ್ಲಿನಲ್ಲಿ ಐತವಾರ ಮಧ್ಯಾಹ್ನ ಊರಿನವರ ಮದುವೆ ಕ್ಯಾಸೆಟ್ ಹಾಕುತ್ತಿದ್ದ. ಹೋಗದವರು ನೋಡುತ್ತಿದ್ದರು, ಹೋದವರು ತಾವು ಊಟದ ಪಂಕ್ತಿಯಲ್ಲಿ ಕಾಣುತ್ತೇವೋ ಇಲ್ಲವೋ ಎಂದು ಕಾಯುತ್ತಿದ್ದರು. ದೊಡ್ಡವ್ವನ ಮೊಮ್ಮಗಳ ಕ್ಯಾಸೆಟ್ಟೂ ಕಂಪ್ಲಿಯಿಂದ ಬಂತು. ಮುಂದಿನ ಐತವಾರ ಹಾಕುವುದೆಂದು ಗೊತ್ತಾಯಿತು.

ಆಗ ದೊಡ್ಡವ್ವ ಮಾಡಿದ್ದನ್ನು ಬೇರೆ ಯಾರೂ ಮಾಡಿರಲಿಕ್ಕಿಲ್ಲ. ಮಂಚದ ಮೇಲೆ ಮಲಗಿಕೊಂಡೇ ಸೊಸೆಯ ಕೈಗೆ ಕುಂಕುಮದ ಬಟ್ಟಲು ಕೊಟ್ಟು, ಓಣಿಯ ಮನೆಮನೆಗೂ ಕರೆಯಲು ಕಳಿಸಿದಳು. ಸೊಸೆ ನಮ್ಮ ಮನೆಗೂ ಬಂದು ಕುಂಕುಮ ಹಚ್ಚಿ, "ಐತವಾರ ಮಧ್ಯಾಹ್ನ ಲಗ್ನ ಐತ್ರಿ ಅಕ್ಕಾ. ತಪ್ಪಿಸಬ್ಯಾಡ್ರಿ. ನಿಮ್ಮ ನಿಮ್ಮ ಟಿವಿ ಹಚ್ಕೊಂಡು ಕುಂದ್ರಬೇಕಂತ" ಎಂದಳು.

ನಗು ಬಂತು, ಆದರೆ ನಗಲಿಲ್ಲ. ಊರೂಟ ಹಾಕಿ ಮದುವೆ ಮಾಡಬೇಕೆಂದಿದ್ದವಳು. ಕಂಪ್ಲಿಗೆ ಓಣಿಯವರನ್ನೆಲ್ಲ ಕರೆದೊಯ್ಯಲು ಆಗಿರಲಿಲ್ಲ, ತಾನೂ ಹೋಗಿರಲಿಲ್ಲ. ಎಲ್ಲರೂ ಕೂಡಿ ನೋಡುವ ಆ ಮಧ್ಯಾಹ್ನವೇ ಆಕೆಯ ಪಾಲಿಗೆ ಮುಹೂರ್ತ.

ಕುಂಕುಮ ಹಚ್ಚಿ ಮುಗಿದರೂ ಸೊಸೆ ಬಾಗಿಲಲ್ಲೇ ನಿಂತಿದ್ದಳು.

"ಏನವ್ವಾ?"

"ನಮ್ಮ ಟಿವ್ಯಾಗ ಏನೂ ಕಾಣಂಗಿಲ್ಲಕ್ಕ. ವಾರದಿಂದ ಹಂಚಿನ ಮ್ಯಾಲೆ ಎಳ್ಳು ಸಿಡಿದಂಗ ಬರ್ತೈತಿ. ಮಾತು ಅಷ್ಟಿಷ್ಟು ಕೇಳ್ತೈತಿ. ನಮ್ಮ ಅತ್ತಿಯವರಿಗೆ ಐತವಾರದಷ್ಟೊತ್ತಿಗೆ ಸರಿ ಆಗ್ತೈತಿ ಅಂತ ಹೇಳೀನಿ. ಆಗದಿದ್ರ ಏನ್ ಮಾಡ್ಲಿ?" ಎಂದು ಕಣ್ಣೊರೆಸಿಕೊಂಡಳು.

ನಾನು ಆಗಲೇ ದೊಡ್ಡವ್ವನ ಹತ್ತಿರ ಹೋದೆ. ಬಾಡಿಗೆಗೆ ವಿಸಿಆರ್ ತರಿಸುತ್ತೇನೆ, ಕ್ಯಾಸೆಟ್ ಹಾಕಿಕೊಂಡು ಬೇಕಾದಷ್ಟು ಸಲ ನೋಡು ಎಂದೆ. ಆಕೆ ಮುಖ ಗೋಡೆಗೆ ತಿರುಗಿಸಿದಳು.

"ಊರೆಲ್ಲ ಲಗ್ನಕ್ಕ ಕುಂತಾಗ ನಾ ಒಬ್ಬಾಕಿ ಆಮ್ಯಾಲೆ ಎಂಜಲ ಎಲಿ ಮುಂದ ಕುಂದ್ರಬೇಕೇನು? ಎಲ್ಲಾರು ನೋಡುವಾಗ ನಾನೂ ನೋಡಬೇಕು. ಇಲ್ಲಾಂದ್ರ ಬ್ಯಾಡ ಬಿಡು."

ಹಟ ಎನ್ನಿ, ಏನಾದರೂ ಎನ್ನಿ. ಗಿರಾಕಿಗೆ ಬೇಕಾದ ಮಾಲು ಬಿಟ್ಟು ಬೇರೆ ಮಾಲು ತೋರಿಸಿದರೆ ವ್ಯಾಪಾರ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಎದ್ದು ಬಂದೆ.

ಕೇಬಲ್‌ನವನನ್ನು ಹಿಡಿಯಲು ಅವನ ಮನೆಗೆ ಹೋಗಲಿಲ್ಲ. ಬೆಳಿಗ್ಗೆ ಅವನು ಇಡ್ಲಿ ತಿನ್ನುವ ಹೋಟೆಲಿಗೆ ಹೋದೆ. ತಟ್ಟೆ ಮುಂದಿಟ್ಟುಕೊಂಡು ಕೂತವನು ಎದ್ದು ಓಡಲಾರ. ಬೇಕಿದ್ದವರು ಇದನ್ನೂ ನೆನಪಿಟ್ಟುಕೊಳ್ಳಬಹುದು. ನನ್ನನ್ನು ಕಂಡೊಡನೆ, "ಇವತ್ತ ಬರಾಕತ್ತಿದ್ದೆನ್ರಿ ಅಕ್ಕಾರ" ಎಂದ.

"ಇರ್ಲಿ ತಿನ್ನು ತಮ್ಮಾ. ಬೈಯಾಕ ಬಂದಿಲ್ಲ. ಕೊನೀ ಮನಿಗೆ ಚಿತ್ರ ಹೋಗಾಕ ಏನ್ ಅಡ್ಡಿ ಐತಿ, ಅಷ್ಟು ಹೇಳು."

ಅವನು ತುತ್ತು ಬಿಟ್ಟು ನನ್ನ ಮುಖ ನೋಡಿದ. ಕೇಬಲ್ ಹಾಕಿದಾಗಿನಿಂದ ಅದನ್ನು ಯಾರೂ ಕೇಳಿರಲಿಲ್ಲವೋ ಏನೋ, ಎಲ್ಲವನ್ನೂ ಸುರಿದುಬಿಟ್ಟ. ಓಣಿಯುದ್ದಕ್ಕೂ ಅವನ ವೈರನ್ನು ಬ್ಲೇಡಿನಿಂದ ಸುಲಿದು ಕಳ್ಳ ವೈರು ಜೋಡಿಸಿದ್ದರು. ಒಬ್ಬರು ಹಿತ್ತಲ ಮನೆಯ ತಮ್ಮನಿಗೆ, ಒಬ್ಬರು ಒಳಕೋಣೆಯ ಎರಡನೇ ಟಿವಿಗೆ, ಒಬ್ಬರು ಬೀಗರ ಮನೆಗೆ. ಕೈಯಿಂದ ತಿರುಚಿ, ಮೇಲೆ ಟೇಪು ಸುತ್ತಿದ್ದ ಆ ಜಾಗಗಳಲ್ಲೆಲ್ಲ ಚಿತ್ರದ ಶಕ್ತಿ ಸೋರಿ, ಕೊನೆಗೆ ಮುಟ್ಟುವ ಹೊತ್ತಿಗೆ ಏನೂ ಉಳಿಯುತ್ತಿರಲಿಲ್ಲ.

"ಮತ್ತ ಕಿತ್ತು ಒಗಿಬೇಕಿಲ್ಲೋ?"

"ಮಾಳಿಗಿ ಹತ್ತಾಕ ಬಿಡಬೇಕಲ್ರಿ! ತಲಿ ಮ್ಯಾಲೆ ಕಾಲಿನ ಸಪ್ಪಳ ಕೇಳಿದ್ರ ಸಾಕು, 'ಹೆಣಮಕ್ಕಳಿರೋ ಮನಿ ಮ್ಯಾಲೆ ಯಾಕ ಹತ್ತೀಯಲೇ' ಅಂತ ಕೋಲು ಹಿಡ್ಕೊಂಡು ಬರ್ತಾರ. ಕೇಳಿ ಹತ್ತೋಣಂದ್ರ, ನಾ ಕೆಳಗ ಚಾ ಕುಡಿಯೋದ್ರಾಗ ಕಳ್ಳ ವೈರು ಮಾಯ. ನಾ ಹೋದ ಮ್ಯಾಲೆ ಮತ್ತ ಹಾಜರ್. ಯಾರದು ಅಂತ ಹೇಳಿದ್ರ ಗಿರಾಕಿ ಹೋಗ್ತಾನ. ಹೇಳದಿದ್ರ ಕೊನೀ ಮನಿ ದೊಡ್ಡವ್ವ ಶಾಪ ಹಾಕ್ತಾಳ. ಅದಕ್ಕ ಫೋನ್ ಎತ್ತಿಡ್ತೀನ್ರಿ. ಏನ್ ಹೇಳ್ಲಿ?"

"ಹೇಳ್ತೀಯಂದ್ರ ನನಗಾರ ಹೇಳು. ಯಾರ್ಯಾರದು?"

ಅವನು ಚಟ್ನಿ ನೋಡುತ್ತ, "ಒಂದು ನಿಮ್ಮ ಮಾಳಿಗಿ ಮ್ಯಾಲೇ ಐತ್ರಿ" ಎಂದ.

ಮೇಲಿನ ಕೋಣೆಯ ಬಾಡಿಗೆಯವನ ಕೆಲಸ! ಅವನ ಟಿವಿಯ ಸದ್ದು ದಿನಾ ನನ್ನ ತಲೆಯ ಮೇಲೆ ಕೇಳುತ್ತಿದ್ದರೂ, ಎಲ್ಲಿಂದ ಬರುತ್ತದೆ ಎಂದು ಯೋಚಿಸಿರಲಿಲ್ಲ. "ಹಂಗಾದ್ರ ಮೊದ್ಲು ಅದನ್ನೇ ಕತ್ತರಿಸೀಯಂತ" ಎಂದು ಎದ್ದೆ. ಹೇಗೆ ಎಂಬುದು ಆಗ ನನಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಓಣಿಯ ಉಳಿದವರೂ ದೊಡ್ಡವ್ವನ ಸಂಕಟ ತಿಳಿದು ಕೂಡಿದ್ದರು. ಕೂಡಿಸಿದವರು ಮೊದಲ ಮನೆಯ ಸಾವುಕಾರರು. ವಯಸ್ಸಾದವರು, ಕಂಪ್ಲಿ ಕಡೆ ಒಳ್ಳೆ ಗದ್ದೆಗಳಿದ್ದವರು. ಆದರೆ ಹುಟ್ಟು ಸಾವುಕಾರರಲ್ಲ. ಹರೆಯದಲ್ಲಿ ಮೆಟ್ರಿ ಕಡೆ ಕಾಲುವೆಯ ಕಟ್ಟಕಡೆಗೆ ಅವರಿಗಿದ್ದದ್ದು ಒಂದೇ ತುಂಡು ಹೊಲ. ಮೇಲಿನವರು ತೂಬು ಮುಚ್ಚದೆ ನೀರು ಹಿಡಿದುಕೊಂಡಾಗ ಇವರ ಸಸಿ ಒಣಗುತ್ತಿತ್ತು. ಆಮೇಲೆ ಊರ ಹಿರಿಯರು ಕೂಡಿ ಪಾಳಿ ಹಾಕಿ, ಮೇಲಿನ ಗದ್ದೆಯವರು ಗೊತ್ತಾದ ಹೊತ್ತಿಗೆ ತಮ್ಮ ತೂಬು ಮುಚ್ಚಿ ಕೆಳಗೆ ನೀರು ಬಿಡಬೇಕೆಂದು ಕಟ್ಟು ಮಾಡಿದ ಮೇಲೇ ಅವರು ಬದುಕಿದ್ದು. ಆ ಪಾಳಿಯ ಮೇಲೆ ಅವರಿಗೆ ದೇವರ ಮೇಲಿದ್ದಷ್ಟೇ ನಂಬಿಕೆ.

"ಇದೂ ಕಾಲುವಿನೇ" ಎಂದರು ಸಾವುಕಾರರು. "ನಾವು ಮ್ಯಾಲಿನವರು ಹೊಟ್ಟಿ ತುಂಬ ಎಳ್ಕೊಂತೀವಿ, ಟೇಲೆಂಡಿಗೆ ಎಲ್ಲಿಂದ ಮುಟ್ಟಬೇಕು? ಐತವಾರ ಮಧ್ಯಾಹ್ನ ನನ್ನ ಮನಿ ಮೊದ್ಲು ಮಾಡಿ ಎಲ್ಲಾರು ಟಿವಿ ಬಂದ್ ಮಾಡ್ರಿ. ಆಗ ಹೆಂಗ ಬರಂಗಿಲ್ಲ ನೋಡ್ತೀನಿ!"

ಎಲ್ಲರೂ ತಲೆದೂಗಿದರು. ಕಾಲುವೆ ಬದಿಯಲ್ಲಿ ಬೆಳೆದವರಿಗೆ ಅದಕ್ಕಿಂತ ನ್ಯಾಯದ ಮಾತು ಇನ್ನೊಂದಿರಲಿಲ್ಲ. ನನ್ನ ಹಿಂದೆ ಬಂದಿದ್ದ ಕೇಬಲ್‌ನವನು ತಲೆ ಕೆರೆದುಕೊಂಡ.

"ಇದು ನೀರಲ್ರೀ ಸಾವ್ಕಾರ್ರ. ಟಿವಿ ಹಚ್ಚಿದ್ರೂ ಅಷ್ಟೇ, ಆರಿಸಿದ್ರೂ ಅಷ್ಟೇ. ನೋಡಿದ್ರ ಏನೂ ಖರ್ಚಾಗಂಗಿಲ್ರಿ."

"ನೀ ಸುಮ್ನಿರಲೇ. ನೀ ಹುಟ್ಟೋಕಿಂತ ಮೊದ್ಲಿಂದ ನಾ ಟೇಲೆಂಡಿನವರ ಕಷ್ಟ ಕಂಡೀನಿ. ಲಸ್ಕರನೂ ಹಿಂಗ ಹೇಳ್ತಿದ್ದ, 'ಮ್ಯಾಲಿನವರದೇನೂ ತಪ್ಪಿಲ್ರಿ' ಅಂತ!"

ಕಾಲುವೆಯ ನೀರು ಬಿಡುವ ಆಳಿಗೆ ತನ್ನನ್ನು ಹೋಲಿಸಿದ್ದಕ್ಕೆ ಕೇಬಲ್‌ನವನು ಮತ್ತೆ ಬಾಯಿ ತೆರೆದ. ನಾನು ಅವನ ತೋಳು ಚಿವುಟಿ ಸುಮ್ಮನಿರಿಸಿದೆ.

ಸುದ್ದಿ ದೊಡ್ಡವ್ವನಿಗೆ ಮುಟ್ಟಿತು. ಸಂತೋಷಪಡುತ್ತಾಳೆ ಎಂದುಕೊಂಡಿದ್ದರೆ ಆಕೆ ಅಳಲು ಶುರು ಮಾಡಿದಳಂತೆ. ನಾನು ಹೋದಾಗ ಸೊಸೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಕುಂಕುಮ ಕೊಟ್ಟು ಕರದೀನಿ ನಾನು" ಎಂದಳು ದೊಡ್ಡವ್ವ. "ಕರದವರೆಲ್ಲ ನನ್ನ ಸಲುವಾಗಿ ಟಿವಿ ಆರಿಸಿ ಕತ್ತಲಾಗ ಕುಂದ್ರುತಾರೇನು? ಯಾರೂ ನೋಡದ ಲಗ್ನ ನಾ ಒಬ್ಬಾಕಿ ನೋಡಿ ಏನ್ ಮಾಡ್ಲಿ? ನಮ್ಮ ಹುಡುಗಿಗೆ ಅಕ್ಕಿಕಾಳು ಹಾಕಾಕ ಯಾರೂ ಬ್ಯಾಡೇನು?"

ಆಕೆಯ ಆ ಮಾತು ಕೇಳಿದಾಗಲೇ ನನಗೆ ದಾರಿ ಹೊಳೆದದ್ದು. ಓಣಿಯವರೆಲ್ಲ ಟಿವಿ ಆರಿಸುತ್ತಾರೆ. ಆರಿಸಿದ ಮೇಲೆ ಮನೆಯಲ್ಲಿ ಏನು ಕೆಲಸ? ಎಲ್ಲರೂ ಇಲ್ಲಿಗೇ ಬರಲಿ. ಬಂದರೆ ಮನೆಗಳೆಲ್ಲ ಖಾಲಿ, ತಲೆಯ ಮೇಲಿನ ಸಪ್ಪಳ ಕೇಳಲು ಯಾರೂ ಇರುವುದಿಲ್ಲ.

"ದೊಡ್ಡವ್ವಾ, ಕರದಿದ್ದು ಕರೆಕ್ಟ್ ಐತಿ, ಕರದ ಜಾಗ ಬದಲಿ ಮಾಡು. ಲಗ್ನ ನಿನ್ನ ಮನ್ಯಾಗ. ಎಲ್ಲಾರು ಇಲ್ಲೇ ಬರ್ತಾರ" ಎಂದೆ.

ಮುದುಕಿ ಕಣ್ಣು ಅಗಲಿಸಿದಳು. "ಇಷ್ಟು ಸಣ್ಣ ಮನ್ಯಾಗ?"

"ಟಿವಿ ಹೊರಗ ಕಟ್ಟಿ ಮ್ಯಾಲೆ ಇಡೋಣು. ನಿನ್ನ ಮಂಚಾನೂ ಬಾಗಿಲಿಗೆ ತರೋಣು. ಓಣಿ ತುಂಬ ಚಾಪಿ."

ಸೊಸೆ ಆಗಲೇ ಕುಂಕುಮದ ಬಟ್ಟಲು ಹುಡುಕುತ್ತಿದ್ದಳು.

ಕೇಬಲ್‌ನವನ ಜೊತೆ ನನ್ನ ಮಾತುಕತೆ ಅವತ್ತೇ ಮುಗಿಯಿತು. ಓಣಿಯನ್ನು ಖಾಲಿ ಮಾಡಿಸುವುದು ನನ್ನ ಕೆಲಸ. ನನ್ನ ಮನೆಯ ಹೊರಗಿನ ಮೆಟ್ಟಿಲು ಹತ್ತಿ ಕಳ್ಳ ವೈರುಗಳನ್ನೆಲ್ಲ ಕತ್ತರಿಸಿ ಒಳ್ಳೆ ಕನೆಕ್ಟರ್ ಬಿಗಿಯುವುದು ಅವನ ಕೆಲಸ. ನನ್ನದೊಂದೇ ಷರತ್ತು: ಯಾರದು ಎಂದು ಎಂದೂ ಬಾಯಿ ಬಿಡಬಾರದು, ದಂಡ ಗಿಂಡ ಕೇಳಬಾರದು. "ಅವರು ಜಗಳಕ್ಕ ಬಂದ್ರ?" ಎಂದ. "ಏನಂತ ಬರ್ತಾರ? ನಾ ಕದ್ದು ಹಾಕ್ಕೊಂಡಿದ್ದ ವೈರು ಯಾಕ ಕತ್ತರಿಸಿದಿ ಅಂತ ಕೇಳ್ತಾರೇನು?" ಎಂದೆ. ಅವನು ಮೊದಲ ಸಲ ಮನಸ್ಸು ಬಿಚ್ಚಿ ನಕ್ಕ.

ಐತವಾರ ಬಂತು. ದೊಡ್ಡವ್ವನ ಬ್ಲಾಕ್ ಅಂಡ್ ವೈಟ್ ಟಿವಿಯನ್ನು ಕಟ್ಟೆಯ ಮೇಲೆ ಇಟ್ಟು, ಬಿಸಿಲು ಬೀಳದಂತೆ ಮೇಲೊಂದು ಕಂಬಳಿ ಕಟ್ಟಿದರು. ಹೆಂಗಸರು ರೇಷ್ಮೆ ಸೀರೆಯಲ್ಲೇ ಬಂದರು. ಸಾವುಕಾರರು ಮಡಿಕೆ ಮುರಿಯದ ಧೋತರ ಉಟ್ಟು, ಮನೆಮನೆಯ ಬಾಗಿಲಲ್ಲಿ ನಿಂತು, "ಬಂದ್ ಮಾಡಿದ್ರ್ಯಾ? ಪೂರಾ ಬಂದ್?" ಎಂದು ವಿಚಾರಿಸಿ, ಕೊನೆಗೆ ಮುಂದಿನ ಚಾಪೆಯಲ್ಲಿ ಕೂತರು. ನನ್ನ ಬಾಡಿಗೆಯವನೂ ಬಂದ. ನಾನು ಎಲ್ಲರ ಹಿಂದೆ ನಿಂತೆ, ಓಣಿಯ ಮೇಲೆ ಕಣ್ಣಿಟ್ಟು. ಅತ್ತ ಕೇಬಲ್‌ನವನ ಹೆಂಡತಿ ತನ್ನ ಮನೆಯಲ್ಲಿ ಕ್ಯಾಸೆಟ್ ಹಾಕಿದಳು.

ಎಳ್ಳು ಸಿಡಿಯಿತು. ಬರೀ ಎಳ್ಳು. ಒಳಗೆಲ್ಲೋ ದೂರದಲ್ಲಿ ಬಾಜಾ ಭಜಂತ್ರಿಯ ಸದ್ದು.

"ಬರ್ತೈತಿ, ತಡೀರಿ" ಎಂದರು ಸಾವುಕಾರರು. "ನೀರೂ ಟೇಲೆಂಡಿಗೆ ಮುಟ್ಟಾಕ ಹೊತ್ತು ಹಿಡಿತೈತಿ."

ಎಲ್ಲರೂ ಕಾದರು. ಮಂತ್ರದ ದನಿ ಬಂತು. ಯಾರೋ ಕೆಮ್ಮಿದರು, ಅದು ಟಿವಿಯೊಳಗಿನ ಕೆಮ್ಮೋ ಓಣಿಯದೋ ತಿಳಿಯಲಿಲ್ಲ. ಆಮೇಲೆ ಬಾಜಾ ಒಮ್ಮೆಲೇ ಜೋರಾಯಿತು. ತಾಳಿ ಕಟ್ಟುವ ಹೊತ್ತಿನ ಬಾಜಾ ಯಾರಿಗೆ ಗೊತ್ತಾಗುವುದಿಲ್ಲ? ದೊಡ್ಡವ್ವ ಕೈಯಲ್ಲಿ ಹಿಡಿದಿದ್ದ ಅಕ್ಕಿಕಾಳನ್ನು ಆ ಸಿಡಿಯುವ ಚುಕ್ಕಿಗಳ ಮೇಲೆ ಎಸೆದಳು. ಆಕೆ ಎಸೆದದ್ದನ್ನು ನೋಡಿ ಎಲ್ಲರೂ ಎಸೆದರು. ಕಂಡಿದ್ದು ಏನೂ ಇಲ್ಲ. ಅಕ್ಕಿ ಗಾಜಿಗೆ ಬಡಿದ ಸಪ್ಪಳವಷ್ಟೇ.

ಮರುಕ್ಷಣ ಟಿವಿಯ ದನಿಯೂ ನಿಂತಿತು. ಮಾಳಿಗೆಯ ಮೇಲೆ ಕೇಬಲ್‌ನವನು ವೈರು ಕತ್ತರಿಸಿದ್ದ.

ದೊಡ್ಡವ್ವ ಬರಿಗೈಯನ್ನು ಹಾಗೇ ಹಿಡಿದುಕೊಂಡು ದಿಂಬಿಗೆ ಒರಗಿದ್ದಳು. ಸಾವುಕಾರರು ಎದ್ದು ನಿಂತರು. ಮುಖ ಕೆಂಪಾಗಿತ್ತು.

"ಯಾರೋ ಮನ್ಯಾಗ ಟಿವಿ ಹಚ್ಚಿ ಬಂದಾರ! ತೂಬು ಮುಚ್ಚಿಲ್ಲ ಯಾರೋ! ನಡೀರಿ, ಒಂದೊಂದು ಮನಿ ನೋಡೋಣು."

ನಾಲ್ಕು ಗಂಡಸರು ಚಪ್ಪಲಿ ಮೆಟ್ಟಿದರು. ಅವರು ಮನೆಗೆ ಹೋದರೆ ಮಾಳಿಗೆಯ ಮೇಲೆ ಕೇಬಲ್‌ನವನು ಸಿಕ್ಕೇ ಸಿಗುತ್ತಿದ್ದ, ಕೈಯಲ್ಲಿ ಕತ್ತರಿ ಹಿಡಿದುಕೊಂಡು. ನಾನು ಓಣಿಗೆ ಅಡ್ಡ ನಿಂತೆ.

"ಅಣ್ಣಾರ, ಲಗ್ನಕ್ಕ ಬಂದವರು ಮುಹೂರ್ತದಾಗ ಎದ್ದು ಹೋದ್ರ ಹುಡುಗಿಗೆ ಒಳ್ಳೇದಾಗ್ತೈತೇನ್ರಿ? ದೊಡ್ಡವ್ವ ಏನ್ ಅನ್ಕೋಬೇಕು? ಕುಂದ್ರಿ, ಚಾ ಬರ್ತೈತಿ. ಹಚ್ಚಿ ಬಂದವರು ಇದ್ರ ಅವರ ಮನಸಿಗೇ ಗೊತ್ತಾಗ್ಲಿ."

ಹೆಂಗಸರು ನನ್ನ ದನಿಗೆ ದನಿ ಸೇರಿಸಿದರು. "ಹೌದ್ರಿ ಮತ್ತ, ಕುಂದ್ರಿ!" ಸಾವುಕಾರರು ಗೊಣಗುತ್ತ ಕೂತರು. ಚಾ ಬಂದಿರಲಿಲ್ಲ, ಯಾರೂ ಮಾಡಿಯೂ ಇರಲಿಲ್ಲ. ಸೊಸೆ ನನ್ನ ಕಣ್ಣು ನೋಡಿ ಒಳಗೆ ಓಡಿ ಒಲೆ ಹಚ್ಚಿದಳು.

ಚಾ ಕುದಿಯುವಷ್ಟು ಹೊತ್ತು ಕಳೆಯಿತು. ಟಿವಿ ಒಮ್ಮೆ ಕಣ್ಣು ಮಿಟುಕಿಸಿದಂತಾಯಿತು. ಆಮೇಲೆ, ತೊಳೆದ ತಟ್ಟೆಯಂತೆ, ಚಿತ್ರ! ಎಲೆಯ ಮೇಲಿನ ಹಪ್ಪಳದ ಗುಳ್ಳೆ ಕಾಣುವಷ್ಟು ಸ್ವಚ್ಛ. ಮಂದಿ ಊಟಕ್ಕೆ ಕೂತಿದ್ದರು.

"ಕಂಡ್ರ್ಯಾ!" ಸಾವುಕಾರರು ತೊಡೆ ತಟ್ಟಿದರು. "ಯಾರೋ ಹೋಗಿ ಬಂದ್ ಮಾಡಿ ಬಂದ್ರು ನೋಡು. ಪಾಳಿ ಅಂದ್ರ ಪಾಳಿ!"

ಓಣಿಯೆಲ್ಲ ಚಪ್ಪಾಳೆ. ದೊಡ್ಡವ್ವ ಮಾತ್ರ ಸಣ್ಣ ದನಿಯಲ್ಲಿ, "ಊಟಕ್ಕ ಕುಂತಾರ" ಎಂದಳು. "ತಾಳಿ ಆಗಿಹೋತು."

ಚಪ್ಪಾಳೆ ನಿಂತಿತು.

ಆಗಲೇ ಕೇಬಲ್‌ನವನು ಓಣಿಯ ತುದಿಯಲ್ಲಿ ಕಾಣಿಸಿಕೊಂಡದ್ದು. ಏನೂ ಗೊತ್ತಿಲ್ಲದವನಂತೆ ಬಂದ. ಆದರೆ ಮಾಳಿಗೆಯ ಕೆಂಪು ದೂಳು ಅಂಗಿಗೆಲ್ಲ ಮೆತ್ತಿಕೊಂಡಿತ್ತು. ಟಿವಿಯಲ್ಲಿನ ಊಟದ ಪಂಕ್ತಿ, ದೊಡ್ಡವ್ವನ ಮುಖ ನೋಡಿ ಅವನಿಗೇ ತಿಳಿಯಿತು. "ದೊಡ್ಡವ್ವಾ, ಹಂಗೇ ಇರು. ಈಗ ಮತ್ತ ತಾಳಿ ಕಟ್ಟಸ್ತೀನಿ" ಎಂದವನೇ ಸೈಕಲ್ ಹತ್ತಿ ಹಾರಿದ.

ಸ್ವಲ್ಪ ಹೊತ್ತಿಗೆ ಟಿವಿಯಲ್ಲಿ ಊಟ ಮಾಡುತ್ತಿದ್ದವರು ತುತ್ತುಗಳನ್ನು ಬಾಯಿಂದ ಎಲೆಗೆ ಇಡತೊಡಗಿದರು. ಹುಡುಗರು ಬಿದ್ದು ಬಿದ್ದು ನಕ್ಕರು. ಬೀಗರು ಹಿಂದಹಿಂದಕ್ಕೆ ನಡೆದರು. ಕ್ಯಾಸೆಟ್ ನಿಂತು, ಮುಂದಕ್ಕೆ ಹೊರಟಿತು. ಅವನ ಕೇಬಲ್ ಇದ್ದ ಬೇರೆ ಓಣಿಗಳ ಜನ ಅವತ್ತು ಏನೆಂದು ಬೈದರೋ ಗೊತ್ತಿಲ್ಲ. ನಮ್ಮ ಓಣಿಯವರು ಚಾಪೆಯ ಮೇಲೆ ಇನ್ನಷ್ಟು ಮುಂದೆ ಸರಿದು ಕೂತರು.

ಅಕ್ಕಿಕಾಳು ಮುಗಿದಿದ್ದವು. ಸೊಸೆ ಅಡುಗೆಮನೆಯಿಂದ ಅಕ್ಕಿ ತಂದು, ಅಲ್ಲೇ ಅರಿಶಿನ ಕಲಸಿ ಕೈಕೈಗೆ ಹಂಚಿದಳು. ಟಿವಿಯಲ್ಲಿ ಹುಡುಗಿ ಬಂದು ನಿಂತಳು.

"ನನ್ನ ಸೀರಿ!" ಎಂದಳು ದೊಡ್ಡವ್ವ. ಮಂಚದ ಮೇಲೆ ಏಳಲು ಹೋದವಳನ್ನು ಸೊಸೆ ಹಿಡಿದುಕೊಂಡಳು. ಆಮೇಲೆ ದೊಡ್ಡವ್ವ ನಮಗೆಲ್ಲ ಬಣ್ಣ ಹೇಳತೊಡಗಿದಳು. ಕರಿ ಬಿಳಿ ಚಿತ್ರದಲ್ಲಿ ನಮಗೆ ಬೂದು ಸೀರೆ ಮಾತ್ರ ಕಾಣುತ್ತಿತ್ತು. "ಮೈ ನೇರಳಿ ಹಣ್ಣಿಂದು. ಸೆರಗು ಕೆಂಪು, ಗಟ್ಟಿ ಕೆಂಪು. ಅಂಚು ನೋಡ್ರಿ, ಅರಿಶಿಣದ್ದು. ನೋಡಾಕತ್ತೀರಿಲ್ಲೋ?"

"ನೋಡಾಕತ್ತೀವಿ ದೊಡ್ಡವ್ವಾ" ಎಂದರು ಓಣಿಯವರು. ಬಾಜಾ ಜೋರಾಯಿತು. ಈ ಸಲ ಅಕ್ಕಿಕಾಳು ಗುರಿ ನೋಡಿ ಬಿದ್ದವು. ಎಷ್ಟೋ ಕಾಳು ಟಿವಿಯ ಹಿಂದಿನ ಸಂದಿಗಳಲ್ಲಿ ಇಳಿದುಹೋದವು.

ಅವತ್ತು ಸಂಜೆ ಓಣಿಯಲ್ಲಿ ಕೆಲವು ಹಿತ್ತಲ ಮನೆ, ಒಳಕೋಣೆಗಳಲ್ಲಿ ಟಿವಿ ಹತ್ತಲಿಲ್ಲ. ನನ್ನ ಬಾಡಿಗೆಯವನು ಮೆಟ್ಟಿಲಿಳಿದು ಬಂದು, "ಅಕ್ಕಾ, ನನ್ನ ಟಿವಿ..." ಎಂದು ಶುರು ಮಾಡಿ, ನನ್ನ ಮುಖ ನೋಡಿ, "...ಹಳೇದಾತು ಅನಸ್ತೈತಿ" ಎಂದು ಮುಗಿಸಿದ. ಮರುವಾರ ಅವನು ಸರಿಯಾದ ಕನೆಕ್ಷನ್ ತೆಗೆದುಕೊಂಡ. ಇನ್ನೂ ಕೆಲವರು ತೆಗೆದುಕೊಂಡರು. ಕೆಲವರು ಮತ್ತೆ ಬ್ಲೇಡು ಹಿಡಿದಿರಬೇಕು; ನನಗೆ ಗೊತ್ತಿಲ್ಲ.

ಸಾವುಕಾರರು ಕೊನೆಯವರೆಗೂ ಪಾಳಿಯಿಂದಲೇ ಚಿತ್ರ ಬಂತು ಎಂದು ನಂಬಿದ್ದರು. ಐತವಾರ ಮಧ್ಯಾಹ್ನ ತಮ್ಮ ಮನೆಯ ಟಿವಿ ತಪ್ಪದೆ ಆರಿಸಿ, "ಟೇಲೆಂಡಿನವರು ನೋಡ್ಲಿ" ಎನ್ನುತ್ತಿದ್ದರು. ಕೇಬಲ್‌ನವನು ಒಂದೆರಡು ಸಲ ತಿಳಿಸಿ ಹೇಳಲು ಹೋದ. ನಾನೇ ಬೇಡವೆಂದೆ. ಇನ್ನೊಬ್ಬರಿಗಾಗಿ ತನ್ನದನ್ನು ಆರಿಸುವ ಮನುಷ್ಯನಿಗೆ ಅದರಿಂದ ಉಪಯೋಗವಿಲ್ಲ ಎಂದು ಹೇಳಿ ನಮಗೆ ಏನು ಬರಬೇಕು?

ಕೇಬಲ್ ಆಮೇಲೂ ಕೆಡುತ್ತಿತ್ತು. ಕೋತಿ ಬರುತ್ತಿದ್ದವು, ಗಾಳಿ ಬೀಸುತ್ತಿತ್ತು, ಅವನು ಫೋನ್ ಎತ್ತಿಡುತ್ತಿದ್ದ, ನಾವು ಬೈಯುತ್ತಿದ್ದೆವು. ಮುಂದೆ ದೊಡ್ಡ ಕಂಪನಿಗಳು ಬಂದ ಮೇಲೆ ಬೈಯಲು ಮನುಷ್ಯನೇ ಸಿಗದಂತಾಯಿತು. ಅದು ಬೇರೆ ಮಾತು. ಆದರೆ ದೊಡ್ಡವ್ವ ಮಾತ್ರ ಅವನ ಮೇಲೆ ಮತ್ತೆ ಒಂದು ಮಾತೂ ಆಡಲಿಲ್ಲ. ಅವಳ ಟಿವಿ ಕೆಟ್ಟಾಗ ರಿಪೇರಿಗೆ ಬಂದವನೂ ಅವನೇ. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆ ಅರಿಶಿನದ ಅಕ್ಕಿಕಾಳು. ಬ್ರಶ್ ತೆಗೆದು ಕೆಡವಲು ಹೋದ.

"ಇರ್ಲಿ ಬಿಡೋ ತಮ್ಮಾ" ಎಂದಳಂತೆ ದೊಡ್ಡವ್ವ ಮಂಚದಿಂದ. "ಅವು ಬೀಳೋ ಜಾಗಕ್ಕ ಬಿದ್ದಾವ."

ಅವನು ಕಾಳುಗಳನ್ನು ಹಾಗೇ ಬಿಟ್ಟು ಮುಚ್ಚಳ ಬಿಗಿದ.